ಮೂಲೆಗೆ ಬಿದ್ದ ಮಾತ್ರೆಗೆ ಸಿಕ್ಕ ಜೋಡಿ

2021ರ ಬೇಸಿಗೆಯಲ್ಲಿ ಕರ್ನಾಟಕದ ಮನೆಮನೆಗೂ ಒಂದು ಔಷಧದ ಹೆಸರು ಮುಟ್ಟಿತು: ಆಂಫೊಟೆರಿಸಿನ್-ಬಿ. ಕೋವಿಡ್ ಬೆನ್ನಿಗೇ ಬಂದ ಕಪ್ಪು ಶಿಲೀಂಧ್ರಕ್ಕೆ ಅದರ ಇಂಜೆಕ್ಷನ್ ಬೇಕೆಂದು ರೋಗಿಗಳ ಕಡೆಯವರು ಊರೆಲ್ಲ ಅಲೆದರು. ಅದಕ್ಕೂ ಆರು ದಶಕ ಮೊದಲಿನಿಂದಲೇ ಈ ಔಷಧ ಇನ್ನೊಂದು ಬಗೆಯ ಶಿಲೀಂಧ್ರದ ಜೊತೆ, ಅಂದರೆ ಯೀಸ್ಟ್ ಜೊತೆ, ಸೆಣಸುತ್ತ ಬಂದಿದೆ. ಆ ಸೆಣಸಾಟದಲ್ಲಿ ಅದಕ್ಕೆ ತಕ್ಕ ಜೋಡಿ ಯಾವುದೆಂದು ಖಚಿತವಾಗುವ ಹೊತ್ತಿಗೆ ಎರಡು ತಲೆಮಾರು ಕಳೆದಿತ್ತು.

ಬ್ರೆಡ್ ಉಬ್ಬಿಸುವ ಯೀಸ್ಟ್ ಸಾಧು. ಅದರ ದೂರದ ನಂಟನಾದ ಕ್ರಿಪ್ಟೊಕಾಕಸ್ ಹಾಗಲ್ಲ. ಪಾರಿವಾಳದ ಹಿಕ್ಕೆ ಬೆರೆತ ಮಣ್ಣಿನಲ್ಲಿ ಬೆಳೆದು, ಉಸಿರಿನ ಜೊತೆ ಶ್ವಾಸಕೋಶ ಸೇರಿ, ರೋಗನಿರೋಧಕ ಶಕ್ತಿ ಕುಂದಿದವರಲ್ಲಿ ಮೆದುಳಿನ ಪೊರೆಯವರೆಗೆ ಹೋಗಿ ಮೆನಿಂಜೈಟಿಸ್ ತರುತ್ತದೆ. ರೋಗಿಯ ಬೆನ್ನುಹುರಿಯ ದ್ರವಕ್ಕೆ ಕಪ್ಪು ಶಾಯಿ ಬೆರೆಸಿ ಸೂಕ್ಷ್ಮದರ್ಶಕದಡಿ ನೋಡಿದರೆ ಒಂದೊಂದು ಕೋಶದ ಸುತ್ತಲೂ ಬೆಳ್ಳನೆಯ ಬಳೆ ಕಾಣುತ್ತದೆ. ಚಿಕಿತ್ಸೆ ಸಿಗದಿದ್ದರೆ ಸಾವು ಖಚಿತ.

1950ರ ದಶಕದ ನಡುವೆ ವೆನೆಜುವೆಲಾದ ಒರಿನೊಕೊ ನದಿಯ ಸೀಮೆಯ ಮಣ್ಣಿನಲ್ಲಿದ್ದ ಬ್ಯಾಕ್ಟೀರಿಯಾದಿಂದ ಅಮೆರಿಕದ ಸ್ಕ್ವಿಬ್ ಕಂಪನಿಯ ವಿಜ್ಞಾನಿಗಳು ಆಂಫೊಟೆರಿಸಿನ್ ಪಡೆದರು. ಶಿಲೀಂಧ್ರದ ಕೋಶಪೊರೆಯಲ್ಲಿರುವ ಎರ್ಗೊಸ್ಟೆರಾಲ್‌ಗೆ ಅಂಟಿಕೊಂಡು ಪೊರೆಯನ್ನೇ ಕೆಡಿಸುವ ಔಷಧ ಇದು. ಕೆಲಸ ಗಟ್ಟಿ, ಉಪಟಳವೂ ಗಟ್ಟಿ: ಡ್ರಿಪ್ ಹಾಕಿದೊಡನೆ ನಡುಕ, ಚಳಿಜ್ವರ, ದಿನ ಕಳೆದಂತೆ ಕಿಡ್ನಿಗೆ ಪೆಟ್ಟು, ರಕ್ತದಲ್ಲಿ ಪೊಟ್ಯಾಸಿಯಂ ಕುಸಿತ. ಅಮೆರಿಕದ ವೈದ್ಯರು ಇದಕ್ಕೆ ‘ಆಂಫೊಟೆರಿಬಲ್’ ಎಂದು ಅಡ್ಡಹೆಸರು ಇಟ್ಟದ್ದು ಸುಮ್ಮನೆ ಅಲ್ಲ.

ಜೋಡಿಯಾಗಲಿದ್ದ ಫ್ಲೂಸೈಟೊಸಿನ್ ಹುಟ್ಟಿದ್ದು 1957ರಲ್ಲಿ, ಕ್ಯಾನ್ಸರ್ ಔಷಧವಾಗಲೆಂದು. ಆ ಕೆಲಸಕ್ಕೆ ಅದು ಬರಲಿಲ್ಲ. ಯೀಸ್ಟನ್ನು ಕೊಲ್ಲುತ್ತದೆ ಎಂದು 1964ರಲ್ಲಿ ಗೊತ್ತಾಯಿತು. 1968ರಲ್ಲಿ ರೋಗಿಗಳಿಗೆ ಕೊಟ್ಟರು. ಒಂದನ್ನೇ ಕೊಟ್ಟಾಗ ಯೀಸ್ಟ್ ಬಹುಬೇಗ ಪಳಗಿ, ಔಷಧಕ್ಕೆ ಜಗ್ಗದಾಯಿತು.

ಎರಡನ್ನೂ ಕೂಡಿಸಿದರೆ? ಸೇಂಟ್ ಲೂಯಿಸ್‌ನ ಮೆಡಾಫ್, ಕೊಬಯಾಶಿ ಮತ್ತು ಸಂಗಡಿಗರು 1971ರಲ್ಲಿ ಪ್ರಯೋಗಾಲಯದಲ್ಲಿ ತೋರಿಸಿದ್ದು ಇದನ್ನೇ. ಅವರ ವಿವರಣೆಯಂತೆ ಆಂಫೊಟೆರಿಸಿನ್ ಗೋಡೆಗೆ ಕನ್ನ ಕೊರೆಯುತ್ತದೆ, ಫ್ಲೂಸೈಟೊಸಿನ್ ಆ ಕನ್ನದಲ್ಲಿ ನುಗ್ಗಿ ಒಳಗಿನ ಗಂಟಿಗೆ ಕೈ ಹಾಕುತ್ತದೆ. ಆ ಗಂಟು ಎಂದರೆ ಕೋಶದ ಆರ್‌ಎನ್‌ಎ, ಡಿಎನ್‌ಎ. 1979ರಲ್ಲಿ ಬೆನೆಟ್ ಮತ್ತು ಸಂಗಡಿಗರು ಕ್ರಿಪ್ಟೊಕಾಕಸ್ ಮೆನಿಂಜೈಟಿಸ್ ರೋಗಿಗಳಲ್ಲಿ ಇದನ್ನು ಪರೀಕ್ಷಿಸಿದರು. ಒಂಟಿ ಆಂಫೊಟೆರಿಸಿನ್ ಹತ್ತು ವಾರ, ಜೋಡಿ ಔಷಧ ಬರೀ ಆರು ವಾರ, ಅದೂ ಆಂಫೊಟೆರಿಸಿನ್ ಪ್ರಮಾಣ ಇಳಿಸಿ. ಆದರೂ ಗುಣವಾದವರು ಅಥವಾ ಚೇತರಿಸಿಕೊಂಡವರು ಜೋಡಿ ಪಡೆದ 24 ಚಿಕಿತ್ಸಾ ಸರದಿಗಳಲ್ಲಿ 16, ಒಂಟಿ ಔಷಧದ 27ರಲ್ಲಿ 11. ಕಿಡ್ನಿಗೂ ಹಾನಿ ಕಡಿಮೆ. ಸಾವಿನ ಸಂಖ್ಯೆ ಮಾತ್ರ ಎರಡೂ ಕಡೆ ಸಮ, ಐದೈದು.

ಅಷ್ಟರಲ್ಲಿ ಏಡ್ಸ್ ಬಂತು. ಅಪರೂಪದ ರೋಗ ವಾರ್ಡು ತುಂಬಿಸಿತು. 1990ರ ಹೊತ್ತಿಗೆ ಬಂದ ಫ್ಲುಕೊನಜೋಲ್ ನುಂಗಲು ಸುಲಭ, ಸುರಕ್ಷಿತ. ಬಡ ದೇಶಗಳು ಅದೊಂದನ್ನೇ ನೆಚ್ಚಿಕೊಂಡವು. ಆದರೆ ಅದು ಯೀಸ್ಟಿನ ಬೆಳವಣಿಗೆ ತಡೆಯುವುದೇ ಹೆಚ್ಚು, ಕೊಲ್ಲುವುದು ಕಡಿಮೆ. ಜೋಡಿ ಯಾವುದೆಂಬ ಪ್ರಶ್ನೆಗೆ ಸ್ಪಷ್ಟ ಉತ್ತರ ಕೊಟ್ಟಿದ್ದು ಏಷ್ಯಾ. 2004ರಲ್ಲಿ ಥಾಯ್ಲೆಂಡಿನಲ್ಲಿ 64 ರೋಗಿಗಳ ಬೆನ್ನುಹುರಿಯ ದ್ರವದಲ್ಲಿ ಯೀಸ್ಟ್ ಎಷ್ಟು ಬೇಗ ಇಳಿಯುತ್ತದೆ ಎಂದು ಎಣಿಸಲಾಯಿತು. ಎಲ್ಲಕ್ಕಿಂತ ವೇಗವಾಗಿ ಇಳಿದದ್ದು ಆಂಫೊಟೆರಿಸಿನ್–ಫ್ಲೂಸೈಟೊಸಿನ್ ಜೋಡಿಗೆ. ಮೂರನ್ನೂ ಒಟ್ಟಿಗೆ ಕೊಟ್ಟರೆ ಇನ್ನೂ ಚೆನ್ನಾಗಿರಬೇಕಿತ್ತಲ್ಲವೇ? ಇರಲಿಲ್ಲ. 2013ರಲ್ಲಿ ಪ್ರಕಟವಾದ ವಿಯೆಟ್ನಾಂ ಪರೀಕ್ಷೆ ಸಾವನ್ನೇ ಲೆಕ್ಕ ಹಿಡಿಯಿತು: 70 ದಿನದೊಳಗೆ ಒಂಟಿ ಔಷಧದ ಗುಂಪಿನಲ್ಲಿ 44, ಜೋಡಿಯಲ್ಲಿ 30. ಫ್ಲುಕೊನಜೋಲನ್ನು ಜೋಡಿ ಮಾಡಿದ್ದರಿಂದ ಸಾವು ಇಳಿಯಲಿಲ್ಲ.

ಉತ್ತರ ಸಿಕ್ಕಿತು, ಮಾತ್ರೆ ಸಿಗಲಿಲ್ಲ. ಪೇಟೆಂಟ್ ಎಂದೋ ಮುಗಿದ ಫ್ಲೂಸೈಟೊಸಿನ್, ಅತಿ ಹೆಚ್ಚು ರೋಗಿಗಳಿದ್ದ ಆಫ್ರಿಕದಲ್ಲೇ ದುರ್ಲಭವಾಗಿತ್ತು. ಇದು ವಿಜ್ಞಾನದ ಸೋಲಲ್ಲ, ಮಾರುಕಟ್ಟೆಯದು. ಕೊಳ್ಳುವ ಶಕ್ತಿಯಿಲ್ಲದ ರೋಗಿಗಾಗಿ ಹಳೆಯ ಮಾತ್ರೆ ತಯಾರಿಸಲು ಯಾರಿಗೂ ಅವಸರವಿರಲಿಲ್ಲ. 2018ರಲ್ಲಿ ಮಲಾವಿ, ಜಾಂಬಿಯಾ, ತಾಂಜಾನಿಯಾ, ಕ್ಯಾಮರೂನ್‌ಗಳ 721 ರೋಗಿಗಳ ಪರೀಕ್ಷೆ, ಒಂದೇ ವಾರದ ಜೋಡಿ ಚಿಕಿತ್ಸೆಯಲ್ಲಿ ಹತ್ತು ವಾರದ ಸಾವು ಶೇ. 24ಕ್ಕೆ ಇಳಿದದ್ದನ್ನು ತೋರಿಸಿತು. 2022ರಲ್ಲಿ ಇನ್ನೊಂದು ಹೆಜ್ಜೆ: ಕೊಬ್ಬಿನ ಸೂಕ್ಷ್ಮ ಗುಳ್ಳೆಗಳಲ್ಲಿ ತುಂಬಿದ ಲಿಪೊಸೋಮಲ್ ಆಂಫೊಟೆರಿಸಿನ್ ಒಂದೇ ಒಂದು ದೊಡ್ಡ ಡೋಸ್, ಜೊತೆಗೆ ಎರಡು ವಾರ ಫ್ಲೂಸೈಟೊಸಿನ್ ಮತ್ತು ಫ್ಲುಕೊನಜೋಲ್ ಮಾತ್ರೆ. ಸಾವು ಹಳೆಯ ವಿಧಾನದಷ್ಟೇ, ಅಡ್ಡಪರಿಣಾಮ ಕಡಿಮೆ. ಅದೇ ವರ್ಷ ವಿಶ್ವ ಆರೋಗ್ಯ ಸಂಸ್ಥೆ ಎಚ್‌ಐವಿ ಇರುವ ರೋಗಿಗಳಿಗೆ ಇದನ್ನೇ ಮೊದಲ ಆಯ್ಕೆಯಾಗಿ ಶಿಫಾರಸು ಮಾಡಿತು.

ರಕ್ತಕ್ಕಿಳಿಯುವ ಕ್ಯಾಂಡಿಡಾ ಯೀಸ್ಟಿನ ಕಥೆ ಇಷ್ಟು ನೇರವಾಗಿಲ್ಲ. ಫ್ಲುಕೊನಜೋಲ್ ಎರ್ಗೊಸ್ಟೆರಾಲ್ ತಯಾರಿಯನ್ನೇ ನಿಲ್ಲಿಸುವುದರಿಂದ ಆಂಫೊಟೆರಿಸಿನ್‌ಗೆ ಹಿಡಿತ ತಪ್ಪೀತು ಎಂಬ ಅಂಜಿಕೆ ಬಹುಕಾಲ ಇತ್ತು. 2003ರ ಅಮೆರಿಕದ ಪರೀಕ್ಷೆ ಅದನ್ನು ಸುಳ್ಳು ಮಾಡಿತು. ಜೋಡಿ ಕೊಟ್ಟಾಗ ರಕ್ತ ಬೇಗ ಶುದ್ಧವಾಯಿತು. ಅಷ್ಟರಲ್ಲಿ ಕ್ಯಾಸ್ಪೊಫಂಜಿನ್‌ನಂಥ ಎಕೈನೊಕ್ಯಾಂಡಿನ್‌ಗಳು ಬಂದು ಒಂಟಿಯಾಗಿಯೇ ಕೆಲಸ ಮಾಡತೊಡಗಿದವು. ಹೃದಯದ ಕವಾಟ, ಮೆದುಳಿನಂಥ ಕಡೆ ಸೋಂಕು ಇಳಿದಾಗ ಮಾತ್ರ ವೈದ್ಯರು ಈಗಲೂ ಫ್ಲೂಸೈಟೊಸಿನ್ ಸೇರಿಸುವುದನ್ನು ಯೋಚಿಸುತ್ತಾರೆ.

ಈ ನೆಮ್ಮದಿಯನ್ನು ಕೆಡಿಸಿದ್ದು ಕ್ಯಾಂಡಿಡಾ ಆರಿಸ್. 2009ರಲ್ಲಿ ಜಪಾನಿನಲ್ಲಿ ಗುರುತಾದ ಇದು ದೆಹಲಿಯ ಆಸ್ಪತ್ರೆಗಳಲ್ಲೂ ಇದೆ ಎಂದು 2013ರಲ್ಲಿ ವರದಿಯಾಯಿತು. ಇದರ ಬಹುಪಾಲು ತಳಿಗಳಿಗೆ ಫ್ಲುಕೊನಜೋಲ್ ನಾಟುವುದಿಲ್ಲ. ಕೆಲವಕ್ಕೆ ಫ್ಲುಕೊನಜೋಲ್, ಆಂಫೊಟೆರಿಸಿನ್, ಎಕೈನೊಕ್ಯಾಂಡಿನ್ ಈ ಮೂರೂ ಬಗೆಯ ಔಷಧ ನಾಟುವುದಿಲ್ಲ. ಪ್ರಯೋಗಾಲಯದ ತಟ್ಟೆಯಲ್ಲಿ ಹಲವು ಜೋಡಿಗಳು ಭರವಸೆ ತೋರಿವೆ. ಕ್ರಿಪ್ಟೊಕಾಕಸ್‌ಗೆ ನಡೆದಂಥ, ಸಾವನ್ನು ಲೆಕ್ಕ ಹಿಡಿಯುವ ದೊಡ್ಡ ಪರೀಕ್ಷೆ ಇದಕ್ಕೂ ಬೇಕು. ಭಾರತದ ಐಸಿಯುಗಳು ಅದಕ್ಕೆ ಮುಂದಾಗಬೇಕು.