ಗಣಿಗೆ ಬಂದ ಕರೆಂಟು, ಸ್ಕೂಟರ್‌ಗೆ ಬಂದ ಬಿಸಿಲು

ಇಯರ್‌ಫೋನ್ ಹಾಕಿಕೊಂಡ್ರಾ? ಇವತ್ತು ಮುಳಬಾಗಿಲಿಗೆ ಹೋಗೋಣ. ಊರಿನ ಹೆಸರನ್ನೇ ಬಿಡಿಸಿ ನೋಡಿ. ಮೂಡಲ ಬಾಗಿಲು, ಅಂದ್ರೆ ಮೈಸೂರು ಸೀಮೆಯ ಪೂರ್ವದ ಬಾಗಿಲು. ಸೂರ್ಯ ನಮ್ಮ ಕಡೆ ಬರೋದೇ ಆ ದಿಕ್ಕಿನಿಂದ. ದೋಸೆಗೆ ಹೆಸರಾದ ಈ ಊರಲ್ಲಿ ಒಬ್ಬರು ಮನೆ ಮೇಲೆ ಸೋಲಾರ್ ಹಾಕಿಸಿ, ಕೆಳಗೆ ಎಲೆಕ್ಟ್ರಿಕ್ ಸ್ಕೂಟರ್ ನಿಲ್ಲಿಸಿದ್ದಾರೆ ಅಂದುಕೊಳ್ಳಿ. ನೋಡಿದವರಿಗೆ ಇದು ಹೊಸ ಕಾಲದ ಶೋಕಿ ಅನ್ನಿಸಬಹುದು. ಆದರೆ ಕರೆಂಟ್ ಎಲ್ಲಿಂದ ಬರುತ್ತೆ, ಯಾರಿಗೆ ಸೇರುತ್ತೆ ಅನ್ನೋ ಪ್ರಶ್ನೆ ಕೋಲಾರಕ್ಕೆ ಬಹಳ ಹಳೆಯದು.

1902ರ ಜೂನ್ 30. ಕಾವೇರಿ ನದಿಯ ಶಿವನಸಮುದ್ರದಿಂದ ಸುಮಾರು 147 ಕಿ.ಮೀ. ತಂತಿ ಎಳೆದು ವಿದ್ಯುತ್ ತಂದರು. ಆ ಕಾಲಕ್ಕೆ ಜಗತ್ತಿನ ಅತಿ ಉದ್ದದ ವಿದ್ಯುತ್ ಮಾರ್ಗಗಳಲ್ಲಿ ಅದೂ ಒಂದು. ಬಂದದ್ದು ಎಲ್ಲಿಗೆ? ಕೆಜಿಎಫ್‌ನ ಚಿನ್ನದ ಗಣಿಗೆ. ಉಗಿ ಎಂಜಿನ್‌ಗಳಿಗೆ ದೂರದಿಂದ ಕಲ್ಲಿದ್ದಲು ತರಿಸೋ ಖರ್ಚು ಗಣಿ ಕಂಪನಿಗಳಿಗೆ ಭಾರವಾಗಿತ್ತು, ಅದಕ್ಕೇ ಅಷ್ಟು ದೊಡ್ಡ ಸಾಹಸ. ಬೆಂಗಳೂರಿನ ಬೀದಿಗೆ ವಿದ್ಯುತ್ ದೀಪ ಬಂದದ್ದು ಅದಾದ ಮೂರು ವರ್ಷಕ್ಕೆ, 1905ರಲ್ಲಿ. ನಡುವಿನ ಹಳ್ಳಿಗಳಲ್ಲಿ ಮಾತ್ರ ಇನ್ನೂ ಎಷ್ಟೋ ದಶಕ ಸೀಮೆಎಣ್ಣೆ ಬುಡ್ಡಿಯೇ ಉರೀತಿತ್ತು. ಕರೆಂಟ್ ತಲೆ ಮೇಲೆ ಹೋಗ್ತಿತ್ತು, ಮನೆಯೊಳಗೆ ಬರ್ತಿರಲಿಲ್ಲ.

ಈಗ ಒಂದು ಶತಮಾನ ದಾಟೋಣ. 2001ರ ಫೆಬ್ರವರಿ 28ರಂದು ಕೆಜಿಎಫ್ ಗಣಿ ಮುಚ್ಚಿತು. ಅದೇ ವರ್ಷ ಬೆಂಗಳೂರಿನ ರಸ್ತೆಗೆ ಒಂದು ಪುಟಾಣಿ ಎಲೆಕ್ಟ್ರಿಕ್ ಕಾರು ಇಳಿಯಿತು. ಹೆಸರು ರೇವಾ. ಅದನ್ನು ತಂದವರು ಚೇತನ್ ಮೈನಿ. ಅವರ ಕಥೆ ಶುರುವಾಗೋದು ಬಿಸಿಲಿನಿಂದಲೇ. 1990ರಲ್ಲಿ ಅಮೆರಿಕದ ಮಿಶಿಗನ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಕಟ್ಟಿದ ಸನ್‌ರನ್ನರ್ ಎಂಬ ಸೌರ ಕಾರಿನ ತಂಡದಲ್ಲಿ ಅವರಿದ್ದರು. ಆ ಕಾರು ಅಮೆರಿಕದ ರೇಸ್ ಗೆದ್ದು, ಆಸ್ಟ್ರೇಲಿಯಾದಲ್ಲಿ ಮೂರನೇ ಸ್ಥಾನ ಪಡೆಯಿತು.

ಹಾಗಾದ್ರೆ ರೇವಾದ ತಲೆ ಮೇಲೂ ಸೋಲಾರ್ ಯಾಕಿರಲಿಲ್ಲ? ಕಾರಿನ ಟಾಪ್ ತುಂಬಾ ಚಿಕ್ಕದು. ಒಂದು ಕಿಲೋವ್ಯಾಟ್ ಪ್ಯಾನೆಲ್‌ಗೆ ಸುಮಾರು ನೂರು ಚದರಡಿ ಜಾಗ ಬೇಕು. ರೇಸ್ ಕಾರನ್ನು ಅದಕ್ಕಂತಲೇ ಚಪ್ಪಟೆಯಾಗಿ, ಹಗುರವಾಗಿ ಕಟ್ಟುತ್ತಾರೆ. ಸಂಸಾರ ಕೂರಿಸಿಕೊಂಡು ಹೋಗೋ ಕಾರಿಗೆ ಅದು ಆಗದ ಮಾತು. ಜೊತೆಗೆ ಆಗಿನ ಲೆಡ್ ಆಸಿಡ್ ಬ್ಯಾಟರಿ ಒಂದು ಚಾರ್ಜ್‌ಗೆ ಸುಮಾರು 80 ಕಿ.ಮೀ. ಓಡ್ತಿತ್ತು. ಬೆಂಗಳೂರಿಂದ ಹೊರಟರೆ ಕೋಲಾರ ದಾಟಬಹುದಿತ್ತು, ಮುಳಬಾಗಿಲು ಮುಟ್ಟೋ ಹಾಗಿರಲಿಲ್ಲ! ಹಾಗಾಗಿ ಪ್ಯಾನೆಲ್ ಇರಬೇಕಾದ್ದು ವಾಹನದ ಮೇಲಲ್ಲ, ಮನೆಯ ಮೇಲೆ.

2010ರ ಹೊತ್ತಿಗೆ ಬಂಗಾರಪೇಟೆ ತಾಲ್ಲೂಕಿನ ಯಳೇಸಂದ್ರದಲ್ಲಿ ಕರ್ನಾಟಕ ವಿದ್ಯುತ್ ನಿಗಮದ 3 ಮೆಗಾವ್ಯಾಟ್ ಸೌರ ಘಟಕ ಗ್ರಿಡ್‌ಗೆ ಸೇರಿತು. ಪಾವಗಡದ 2,050 ಮೆಗಾವ್ಯಾಟ್ ಮುಂದೆ ಅದು ಸಣ್ಣದು. ಆದರೆ ಯಾವ ಜಿಲ್ಲೆಗೆ ಕಾವೇರಿಯಿಂದ ಕರೆಂಟ್ ತರಬೇಕಾಗಿತ್ತೋ, ಅದೇ ಜಿಲ್ಲೆ ತನ್ನ ಬಿಸಿಲಿಂದ ಕರೆಂಟ್ ಮಾಡಿತು. ಜೀವನದಿ ಇಲ್ಲದ ಜಿಲ್ಲೆಗೆ ಇದು ಸಣ್ಣ ಮಾತಲ್ಲ.

ಇನ್ನು ನಮ್ಮ ಲೆಕ್ಕಕ್ಕೆ ಬರೋಣ. ಮುಳಬಾಗಿಲಿಂದ ನರಸಾಪುರದ ಕೈಗಾರಿಕಾ ಪ್ರದೇಶಕ್ಕೆ ಹೋಗಿಬರೋಕೆ ಹತ್ತಿರ ಹತ್ತಿರ 90 ಕಿ.ಮೀ. ಎಲೆಕ್ಟ್ರಿಕ್ ಸ್ಕೂಟರ್‌ಗೆ ಇಷ್ಟು ದೂರಕ್ಕೆ ಮೂರು ಯೂನಿಟ್, ಚಾರ್ಜಿಂಗ್ ನಷ್ಟ ಸೇರಿ ಮೂರೂವರೆ ಸಾಕು. ಒಂದು ಕಿಲೋವ್ಯಾಟ್ ಪ್ಯಾನೆಲ್ ದಿನಕ್ಕೆ ಸುಮಾರು ನಾಲ್ಕು ಯೂನಿಟ್ ಕೊಡುತ್ತೆ. ಲೆಕ್ಕ ಸರಿಹೋಯ್ತು ಅಲ್ವಾ?

ಇಲ್ಲ, ಒಂದು ತೊಡಕಿದೆ. ಮಧ್ಯಾಹ್ನ ಬಿಸಿಲು ಕಾಯುವಾಗ ಸ್ಕೂಟರ್ ನರಸಾಪುರದಲ್ಲಿರುತ್ತೆ. ಅದು ಮನೆಗೆ ಬರೋ ಹೊತ್ತಿಗೆ ಸೂರ್ಯ ಮುಳುಗಿರ್ತಾನೆ. ನೆಟ್ ಮೀಟರ್ ಈ ತೊಡಕನ್ನು ಬಿಡಿಸುತ್ತೆ. ಹಗಲು ಗ್ರಿಡ್‌ಗೆ ಕೊಟ್ಟಿದ್ದು ರಾತ್ರಿ ತಗೊಂಡಿದ್ದಕ್ಕೆ ವಜಾ. ಅಂದ್ರೆ ರಾತ್ರಿ ನಿಮ್ಮ ಸ್ಕೂಟರ್‌ಗೆ ಹೋಗೋದು ನಿಮ್ಮ ಬಿಸಿಲಲ್ಲ, ಗ್ರಿಡ್‌ನ ಕರೆಂಟು. ಬಿಲ್ಲಿನಲ್ಲಿ ಮಾತ್ರ ಅದು ನಿಮ್ಮದು. ಇನ್ನೊಂದು ವಿಷಯ ತುಂಬಾ ಜನಕ್ಕೆ ಗೊತ್ತಿರಲ್ಲ. ಬ್ಯಾಟರಿ ಇಲ್ಲದ ಮಾಮೂಲಿ ಸೋಲಾರ್, ಪವರ್ ಕಟ್ ಆದಾಗ ತಾನೂ ನಿಂತುಬಿಡುತ್ತೆ. ತಂತಿ ರಿಪೇರಿ ಮಾಡ್ತಿರೋ ಲೈನ್‌ಮ್ಯಾನ್‌ಗೆ ಶಾಕ್ ಹೊಡೀಬಾರದು ಅಂತ ಈ ಏರ್ಪಾಡು.

2024ರಲ್ಲಿ ಶುರುವಾದ ಪಿಎಂ ಸೂರ್ಯ ಘರ್ ಯೋಜನೆಯಲ್ಲಿ 3 ಕಿಲೋವ್ಯಾಟ್‌ಗೆ 78,000 ರೂಪಾಯಿ ಸಹಾಯಧನ ಇದೆ. ಆದರೆ ಅದಕ್ಕೆ ಸ್ವಂತ ಸೂರು ಬೇಕು. ಬಾಡಿಗೆ ರೂಮಲ್ಲಿ ನಾಲ್ಕು ಜನ ಸೇರಿಕೊಂಡು ಶಿಫ್ಟ್‌ಗೆ ಹೋಗೋ ಹುಡುಗ, ಹುಡುಗಿಯರು ಏನು ಮಾಡಬೇಕು? 1902ರ ತಂತಿ ಹಾಗೇ ಅವರ ತಲೆ ಮೇಲೆ ಹಾದುಹೋಗಬೇಕಾ?

ನನಗನ್ನಿಸೋದು ಇಷ್ಟು. ಮಧ್ಯಾಹ್ನ ಹನ್ನೆರಡಕ್ಕೆ ಬಿಸಿಲು, ಸ್ಕೂಟರ್ ಎರಡೂ ಒಂದೇ ಕಡೆ ಸಿಗೋದು ಕಾರ್ಖಾನೆಯ ಪಾರ್ಕಿಂಗ್‌ನಲ್ಲಿ. ಅಲ್ಲಿ ನೆರಳಿಗೆ ಶೀಟ್ ಹಾಕುವ ಬದಲು ಪ್ಯಾನೆಲ್ ಹಾಕಿ, ಕೆಳಗೆ ಪ್ಲಗ್ ಕೊಟ್ಟರೆ ಸ್ವಂತ ಸೂರು ಇಲ್ಲದವರ ಗಾಡಿಯೂ ಬಿಸಿಲಲ್ಲೇ ಓಡುತ್ತೆ. ಹೋಂಡಾದ ಎಲೆಕ್ಟ್ರಿಕ್ ಆಕ್ಟಿವಾ ತಯಾರಾದದ್ದೂ ನರಸಾಪುರದಲ್ಲೇ. ಗಾಡಿ ಮಾಡೋ ಊರಲ್ಲಿ ಪ್ಲಗ್ ಕೇಳೋದು ದೊಡ್ಡ ಆಸೆಯೇನಲ್ಲ. ಅವತ್ತು ಗಣಿಗೋಸ್ಕರ 147 ಕಿ.ಮೀ. ತಂತಿ ಎಳೆದರು. ಇವತ್ತು ಬೇಕಿರೋದು ಪ್ಯಾನೆಲ್‌ನಿಂದ ಪ್ಲಗ್‌ವರೆಗೆ ಹತ್ತು ಅಡಿ ವೈರು.

ನಿಮ್ಮ ಕೆಲಸದ ಜಾಗದಲ್ಲಿ ಇಂಥ ಪ್ಲಗ್ ಇದೆಯಾ? ನಾಳೆ ಗಾಡಿ ನಿಲ್ಲಿಸುವಾಗ ಒಮ್ಮೆ ಸುತ್ತ ನೋಡಿ, ಇಲ್ಲದಿದ್ರೆ ಕೇಳಿ. ಮುಂದಿನ ಸಂಚಿಕೆಯಲ್ಲಿ ಸಿಗೋಣ.