ಬೇಟೆಯ ತೋಟಾ (ಉತ್ತರ ಅಮೆರಿಕ)

ಉತ್ತರ ಅಮೆರಿಕದಲ್ಲಿ ಬಿಳಿಬಾಲದ ಜಿಂಕೆ, ಎಲ್ಕ್ ಮೊದಲಾದ ಮೃಗಗಳ ಬೇಟೆಗಾಗಿ ಕಾರ್ಖಾನೆಯಲ್ಲಿಯೇ ಸಿದ್ಧಪಡಿಸಿ ಮಾರಲ್ಪಡುವ ರೈಫಲ್ ತೋಟಾ. ಹಿತ್ತಾಳೆಯ ಕೋಶ, ಅದರ ಬುಡದ ಕೇಪು, ಒಳಗಿನ ಮದ್ದು, ತುದಿಯ ಗುಂಡು ಎಂಬ ನಾಲ್ಕು ಅಂಗಗಳಲ್ಲಿ, ಆಯ್ಕೆಯ ವಿವೇಚನೆಗೆ ಮುಖ್ಯವಾದುವು ಗುಂಡಿನ ತೂಕ ಮತ್ತು ರಚನೆ. 1906ರಲ್ಲಿ ಅಮೆರಿಕದ ಸೈನ್ಯವು ಅಂಗೀಕರಿಸಿ, ಅನಂತರ ಬೇಟೆಗಾರರಲ್ಲಿಯೂ ಪ್ರಚುರವಾದ .30-06 ಸ್ಪ್ರಿಂಗ್‌ಫೀಲ್ಡ್ ತೋಟಾವನ್ನು ನಿದರ್ಶನವಾಗಿ ಕೊಂಡರೆ, ಜಿಂಕೆಗೆ 150 ಗ್ರೇನ್ (ಸುಮಾರು 9.7 ಗ್ರಾಂ) ತೂಗುವ, ಬೇಗನೆ ಅರಳುವ ಗುಂಡು ಸಾಕಾಗುವುದು, ಆದರೆ 300 ಕಿಲೋಗ್ರಾಂ ಮೀರಿ ಬೆಳೆಯುವ ಗಂಡು ಎಲ್ಕಿನ ದಪ್ಪ ಸ್ನಾಯುವನ್ನೂ ಹೆಗಲಿನ ಎಲುಬನ್ನೂ ಭೇದಿಸಿ ಹೃದಯ, ಶ್ವಾಸಕೋಶಗಳನ್ನು ಮುಟ್ಟಬೇಕಾದುದರಿಂದ, 165 ಇಲ್ಲವೆ 180 ಗ್ರೇನಿನ, ಚೂರಾಗದೆ ಉಳಿಯುವ ದೃಢವಾದ ಗುಂಡೇ ಪ್ರಶಸ್ತವೆನಿಸಿದೆ. ಜಾನ್ ನಾಸ್ಲರ್ 1948ರಲ್ಲಿ ಮಾರುಕಟ್ಟೆಗೆ ತಂದ ಪಾರ್ಟಿಷನ್ ಗುಂಡಿನಲ್ಲಿ, ಹೊರಕವಚದ ಲೋಹದ್ದೇ ಆದ ಅಡ್ಡಗೋಡೆಯೊಂದು ಸೀಸವನ್ನು ಇಬ್ಭಾಗವಾಗಿಸುವುದರಿಂದ, ಮುಂಭಾಗವು ಅರಳಿ ಸವೆದರೂ ಹಿಂಭಾಗವು ಅಖಂಡವಾಗಿ ಮುನ್ನುಗ್ಗುತ್ತದೆ. ಕ್ಯಾಲಿಫೋರ್ನಿಯದಲ್ಲಿ 2019ರ ಜುಲೈ 1ರಿಂದ ವನ್ಯಮೃಗಗಳ ಬೇಟೆಗೆ ಸೀಸದ ಗುಂಡು ನಿಷಿದ್ಧವಾಗಿರುವ ಕಾರಣ, ಅಲ್ಲಿ ತಾಮ್ರದ ಗುಂಡುಗಳು ಬಳಕೆಯಲ್ಲಿವೆ. ತೋಟಾದ ಬುಡದ ಮುದ್ರೆಯು ಕೋವಿಯ ನಳಿಗೆಯ ಮೇಲಿನ ಹೆಸರಿನೊಡನೆ ಹೊಂದಿಕೆಯಾಗಿರಬೇಕಾದುದು ಅವಶ್ಯ. ಸಮಾನ ತೂಕದ ತೋಟಾಗಳೂ ತಯಾರಕರ ಭೇದದಿಂದ ಒಂದೇ ಕೋವಿಯಲ್ಲಿ ಬೇರೆಬೇರೆ ಎಡೆಗೆ ತಾಗುವುದುಂಟಾದ್ದರಿಂದ, ಬೇಟೆಯ ಋತುವಿಗೆ ಮುನ್ನ ಆರಿಸಿದ ತೋಟಾದಿಂದಲೇ ಗುರಿಯನ್ನು ಸರಿಪಡಿಸಿಕೊಳ್ಳುವುದು ವಾಡಿಕೆ.