ಹೃದಯದ ಗೋಡೆಗೆ ಮದ್ದು ಒಸರುವ ತುದಿ

ಸ್ಟೆರಾಯ್ಡ್ ತುಂಬಿದ ಪೇಸ್‌ಮೇಕರ್ ಲೀಡ್
1980ರ ದಶಕದ ವಿನ್ಯಾಸ, ಅಮೆರಿಕ
ಪ್ಲಾಟಿನಂ, ಸಿಲಿಕೋನ್ ರಬ್ಬರ್, ಡೆಕ್ಸಾಮೆಥಾಸೋನ್

ಈ ತಂತಿಯ ಒಂದು ಕೊನೆ ಎದೆಯ ಚರ್ಮದಡಿ ಇರಿಸುವ ಪೇಸ್‌ಮೇಕರ್‌ಗೆ ಸೇರುತ್ತದೆ. ಇನ್ನೊಂದು ಕೊನೆ ರಕ್ತನಾಳದೊಳಗೆ ಸಾಗಿ ಹೃದಯದ ಒಳಗೋಡೆಗೆ ತಾಗಿ ನಿಲ್ಲುತ್ತದೆ.

1958ರಲ್ಲಿ ಸ್ವೀಡನ್ನಿನ ಶಸ್ತ್ರವೈದ್ಯ ಓಕೆ ಸೆನ್ನಿಂಗ್, ಎಂಜಿನಿಯರ್ ರೂನೆ ಎಲ್ಮ್‌ಕ್ವಿಸ್ಟ್ ರೂಪಿಸಿದ ಪೇಸ್‌ಮೇಕರನ್ನು ಮೊದಲ ಬಾರಿಗೆ ರೋಗಿಯ ದೇಹದೊಳಗೆ ಅಳವಡಿಸಿದರು. ಆದರೆ ಹೃದಯ ಹೊರಗಿನ ವಸ್ತುವನ್ನು ಸುಮ್ಮನೆ ಒಪ್ಪಿಕೊಳ್ಳುವುದಿಲ್ಲ. ತುದಿ ತಾಗಿದ ಜಾಗದಲ್ಲಿ ಉರಿಯೂತ ಉಂಟಾಗಿ, ಆಮೇಲೆ ಗಾಯದ ಕಲೆ ಕಟ್ಟುತ್ತದೆ. ಮೊದಲ ಕೆಲವು ವಾರ ಮಿಡಿತ ಎಬ್ಬಿಸಲು ಹೆಚ್ಚು ವಿದ್ಯುತ್ ಬೇಕಾಗುತ್ತಿತ್ತು. ಬ್ಯಾಟರಿಗೆ ಇದು ದೊಡ್ಡ ಹೊರೆ. ಬ್ಯಾಟರಿ ಮುಗಿದರೆ ರೋಗಿಗೆ ಮತ್ತೊಂದು ಶಸ್ತ್ರಚಿಕಿತ್ಸೆ.

ಇದಕ್ಕೆ ಸಿಕ್ಕ ಪರಿಹಾರ ನಿಜಕ್ಕೂ ಸೊಗಸಾದದ್ದು. ಅಮೆರಿಕದ ಮೆಡ್‌ಟ್ರಾನಿಕ್ ಕಂಪನಿಯ ತಂತ್ರಜ್ಞರು ಉರಿಯೂತ ತಗ್ಗಿಸುವ ಸ್ಟೆರಾಯ್ಡ್ ಆದ ಡೆಕ್ಸಾಮೆಥಾಸೋನನ್ನು ಸಿಲಿಕೋನ್ ರಬ್ಬರಿನಲ್ಲಿ ಬೆರೆಸಿ ತುದಿಯೊಳಗೇ ಇಟ್ಟರು. ಮದ್ದಿನ ಪ್ರಮಾಣ ಸುಮಾರು 1 ಮಿಲಿಗ್ರಾಂ, ಕೆಲವದರಲ್ಲಿ ಇನ್ನೂ ಕಡಿಮೆ. ನುಂಗಿದ ಮಾತ್ರೆ ಮೈಯೆಲ್ಲ ಸುತ್ತುತ್ತದೆ. ಈ ಮದ್ದು ಮಾತ್ರ ತುದಿ ತಾಗಿದ ಅಂಗಾಂಶಕ್ಕೆ ನಿಧಾನವಾಗಿ ಇಳಿಯುತ್ತದೆ.

ತುದಿಯನ್ನು ಹತ್ತಿರದಿಂದ ನೋಡಿ. ಬೂದು ಬಣ್ಣದ ಪ್ಲಾಟಿನಂ ಮೇಲ್ಮೈ ನುಣುಪಾಗಿಲ್ಲ; ಅದರ ತುಂಬ ಸೂಕ್ಷ್ಮ ರಂಧ್ರಗಳಿವೆ. ಮದ್ದು ಹೊರಬರುವುದು ಇವುಗಳ ಮೂಲಕವೇ. ತುದಿಯ ಹಿಂದೆ ಕೊಕ್ಕೆಗಳಂತೆ ಚಾಚಿದ ಮೆತ್ತನೆಯ ಎಳೆಗಳು ಹೃದಯದ ಸ್ನಾಯುಪಟ್ಟಿಗಳ ನಡುವೆ ಸಿಕ್ಕಿಕೊಂಡು ತಂತಿಯನ್ನು ಹಿಡಿದಿಡುತ್ತವೆ.

2016ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ, ತಂತಿಯೇ ಇಲ್ಲದ ಮೈಕ್ರಾ ಪೇಸ್‌ಮೇಕರಿನ ತುದಿಯಲ್ಲೂ ಇದೇ ಸ್ಟೆರಾಯ್ಡ್ ಇದೆ.